ಮ್ಹೈಸಾಳದ ಪಂಪು, ದಿಲ್ಲಿಯ ಷರತ್ತು

ಮಿರಜದಿಂದ ಕಾಗವಾಡದ ಕಡೆಗೆ ಹೊರಟರೆ ಕರ್ನಾಟಕದ ಗಡಿಗಿಂತ ಮೊದಲು ಸಿಗುವ ಊರು ಮ್ಹೈಸಾಳ. ಕೃಷ್ಣೆಯ ದಂಡೆಯ ಈ ಭಾಗಕ್ಕೆ ನೀರಿನ ಬರ ಗೊತ್ತಿಲ್ಲ. 2019ರ ಮಹಾಪೂರದಲ್ಲಿ ಸಾಂಗಲಿಯ ಪೇಟೆಯೇ ನೀರಿನಲ್ಲಿ ನಿಂತಿತ್ತು. ಇಲ್ಲಿಂದ ಪೂರ್ವಕ್ಕೆ ತಿರುಗಿ ಕವಠೆ ಮಹಾಂಕಾಳ ದಾಟಿ ಜತ್ತ ತಾಲ್ಲೂಕಿಗೆ ಕಾಲಿಟ್ಟರೆ ನೆಲದ ಬಣ್ಣವೇ ಬದಲಾಗುತ್ತದೆ. ಕನ್ನಡ ಮಾತಾಡುವ ಹಳ್ಳಿಗಳು, ಕಲ್ಲು ಮಿಶ್ರಿತ ಎರೆ, ಬೇಸಿಗೆ ಬಂತೆಂದರೆ ಟ್ಯಾಂಕರಿನ ಹಾದಿ ಕಾಯುವ ಕೊಡಗಳು. ಜಿಲ್ಲೆ ಒಂದೇ, ಸಾಂಗಲಿ. ಹೊಳೆ ಕೆಳಗೆ, ಹೊಲ ಮೇಲೆ.

ನೀರು ತಾನಾಗಿ ಗುಡ್ಡ ಏರುವುದಿಲ್ಲ. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ದೊಡ್ಡ ಪಂಪುಗಳು ಎತ್ತಿ, ಒಂದು ಹಂತದಿಂದ ಇನ್ನೊಂದು ಹಂತಕ್ಕೆ ದಾಟಿಸಿ, ಮಿರಜ, ಕವಠೆ ಮಹಾಂಕಾಳ, ಜತ್ತದ ಕಾಲುವೆಗಳಿಗೆ ಬಿಡುತ್ತವೆ. ಪಂಪಿಗೆ ಕರೆಂಟು ಬೇಕು, ಕರೆಂಟಿಗೆ ದುಡ್ಡು ಬೇಕು. ಹೊಳೆಯಲ್ಲಿ ನೀರಿದ್ದೂ ಬಿಲ್ಲು ಬಾಕಿಯಾಗಿ ಪಂಪು ನಿಂತ ವರ್ಷಗಳನ್ನು ಈ ಭಾಗದ ರೈತರು ಕಂಡಿದ್ದಾರೆ. ಬರಗಾಲದ ಪರಿಹಾರ ನಿಧಿಯಿಂದ ಸರ್ಕಾರ ಬಿಲ್ಲು ತುಂಬಿ ಪಂಪು ಚಾಲೂ ಮಾಡಿಸಿದ ವರ್ಷಗಳೂ ಇವೆ.

ಆ ಬಿಲ್ಲಿನ ಜಾಡು ಹಿಡಿದು ಮೇಲೆ ಹತ್ತಿದರೆ ಮುಂಬೈಯ ಬೊಕ್ಕಸ, ದಿಲ್ಲಿಯ ಹಣಕಾಸು ಆಯೋಗ, ಕೊನೆಗೆ ಜರ್ಮನಿಯ ಒಂದು ಬ್ಯಾಂಕು ಎದುರಾಗುತ್ತವೆ. ಸರ್ಕಾರಗಳು ಸಾಲದಲ್ಲಿ ಮುಳುಗಿದಾಗ ಅವನ್ನು ಎತ್ತುವವರು ಯಾರು, ಎತ್ತಲು ಏನು ಕೇಳುತ್ತಾರೆ, ಆ ಷರತ್ತಿನ ಭಾರ ಇಳಿಯುತ್ತ ಇಳಿಯುತ್ತ ಯಾರ ಹೆಗಲಿಗೆ ಬರುತ್ತದೆ ಎಂಬುದು ಈ ದಾರಿಯುದ್ದಕ್ಕೂ ಕಾಣುತ್ತದೆ.

ರೈತ ಸಾಲ ತೀರಿಸದಿದ್ದರೆ ಬ್ಯಾಂಕಿಗೆ ಹೊಲ ಇದೆ, ಹರಾಜು ಇದೆ. ಕಂಪನಿ ದಿವಾಳಿಯೆದ್ದರೆ ನ್ಯಾಯಮಂಡಳಿ ಇದೆ. ದೇಶವೊಂದು ಕೈಚೆಲ್ಲಿದರೆ ಅದನ್ನು ಹರಾಜಿಗೆ ಹಾಕುವ ಕೋರ್ಟು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಸಾಲ ಕೊಟ್ಟವರು ಮತ್ತು ಪಡೆದವರು ಕೂತು ಮಾತಾಡಬೇಕು. 1956ರಲ್ಲಿ ಅರ್ಜೆಂಟೀನಾದ ಸಾಲದ ಮಾತುಕತೆಗೆ ಪ್ಯಾರಿಸಿನಲ್ಲಿ ಸೇರಿದ ಸಾಲಿಗ ದೇಶಗಳ ಕೂಟವೇ ಮುಂದೆ ಪ್ಯಾರಿಸ್ ಕ್ಲಬ್ ಆಯಿತು. ಅಲ್ಲಿಂದ ಪದ್ಧತಿ ಹೆಚ್ಚು ಕಡಿಮೆ ಒಂದೇ: ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಒಂದು ಸುಧಾರಣಾ ಪಟ್ಟಿ ಕೊಡುತ್ತದೆ, ದೇಶ ಅದಕ್ಕೆ ಒಪ್ಪಿದರೆ ಉಳಿದ ಸಾಲಿಗರು ಕಂತು ಮುಂದೂಡುತ್ತಾರೆ, ಬಡ್ಡಿ ಇಳಿಸುತ್ತಾರೆ, ಕೆಲವೊಮ್ಮೆ ಅಸಲಿನಲ್ಲೂ ಬಿಡುತ್ತಾರೆ.

ಇತ್ತೀಚಿನ ಉದಾಹರಣೆ ಪಕ್ಕದ ಶ್ರೀಲಂಕಾ. 2022ರ ಏಪ್ರಿಲ್‌ನಲ್ಲಿ ಅದು ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರಿನ ನೆರವಿಗೆ ಒಪ್ಪಿತು. ಆ ಒಪ್ಪಿಗೆ ಸಿಗುವ ಮೊದಲೇ ಕೊಲಂಬೊದ ಮನೆಗಳಿಗೆ ಷರತ್ತು ತಲುಪಿತ್ತು. ವಿದ್ಯುತ್ ದರ 2022ರ ಆಗಸ್ಟ್‌ನಲ್ಲಿ ಶೇ 75ರಷ್ಟು, ಮತ್ತೆ 2023ರ ಫೆಬ್ರವರಿಯಲ್ಲಿ ಶೇ 66ರಷ್ಟು ಏರಿತು. ಶೇ 8 ಇದ್ದ ವ್ಯಾಟ್ 2024ರ ಹೊತ್ತಿಗೆ ಶೇ 18ಕ್ಕೆ ಮುಟ್ಟಿತು. ಸಾಲದ ಮಾತುಕತೆ ನಡೆಯುವುದು ದೊಡ್ಡ ಸಭಾಂಗಣಗಳಲ್ಲಿ. ಅದರ ಸುದ್ದಿ ಸಾಮಾನ್ಯನಿಗೆ ಮುಟ್ಟುವುದು ಕರೆಂಟು ಬಿಲ್ಲಿನ ಮೂಲಕ.

ಭಾರತದ ಒಂದು ರಾಜ್ಯ ದೇಶದ ಹಾಗೆ ಸ್ವತಂತ್ರವಲ್ಲ. ಕೇಂದ್ರಕ್ಕೆ ಬಾಕಿ ಉಳಿಸಿಕೊಂಡಿರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಹೊರದೇಶದಿಂದ ನೇರವಾಗಿ ಸಾಲ ತರುವಂತಿಲ್ಲ. ಆದರೆ ಸಾಲದ ಸುಳಿಗೆ ರಾಜ್ಯಗಳೂ ಸಿಕ್ಕಿವೆ. ಷರತ್ತಿನ ಹಗ್ಗ ಹಿಡಿದು ಹೊರಬಂದಿವೆ. ಮಹಾರಾಷ್ಟ್ರ, ಕರ್ನಾಟಕ ಎರಡೂ ಆ ಹಗ್ಗ ಹಿಡಿದವು.

ಮಹಾರಾಷ್ಟ್ರದ ಸಾಲದಲ್ಲಿ ಕೃಷ್ಣೆಯ ಪಾಲೂ ಇದೆ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ನೀರನ್ನು ಹಂಚಿದಾಗ ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700 ಟಿಎಂಸಿ, ಆಂಧ್ರಕ್ಕೆ 800 ಟಿಎಂಸಿ ಬಂತು. 2000ದ ಮೇ 31ರ ನಂತರ ಈ ಹಂಚಿಕೆಯನ್ನು ಮತ್ತೆ ಪರಿಶೀಲಿಸಲು ಅವಕಾಶವಿತ್ತು. ಅಷ್ಟರೊಳಗೆ ಅಣೆಕಟ್ಟು, ಕಾಲುವೆ ಕಟ್ಟಿ ತನ್ನ ಪಾಲು ಬಳಸಿ ತೋರಿಸದಿದ್ದರೆ ಕೈತಪ್ಪೀತು ಎಂಬ ಆತಂಕ ಮೂರೂ ರಾಜ್ಯಗಳಿಗಿತ್ತು. ಮಹಾರಾಷ್ಟ್ರ 1996ರಲ್ಲಿ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮವನ್ನು ಹುಟ್ಟುಹಾಕಿತು. ನಿಗಮ ಸರ್ಕಾರದ ಖಾತರಿ ಇಟ್ಟು ಬಾಂಡ್ ಮಾರಿ ಹಣ ಎತ್ತಿತು. 1980ರ ದಶಕದಿಂದ ಕುಂಟುತ್ತಿದ್ದ ತಾಕಾರಿ–ಮ್ಹೈಸಾಳ ಏತ ನೀರಾವರಿ ಈ ನಿಗಮದ ಕೈಗೆ ಬಂತು. ನೀರಿನ ಕರದಿಂದ ಬಾಂಡಿನ ಬಡ್ಡಿ ಹುಟ್ಟುವ ಹಾಗಿರಲಿಲ್ಲ, ಹಾಗಾಗಿ ಆ ಹೊರೆ ತಿರುಗಿ ರಾಜ್ಯದ ಬೊಕ್ಕಸದ ಮೇಲೆಯೇ ಬಿತ್ತು. ಇದರ ಜೊತೆಗೆ ಐದನೇ ವೇತನ ಆಯೋಗದ ಸಂಬಳ, ದಾಭೋಳದ ಎನ್ರಾನ್ ವಿದ್ಯುತ್ತಿನ ರಗಳೆ, ಸಹಕಾರಿ ಕಾರ್ಖಾನೆಗಳಿಗೆ ಕೊಟ್ಟ ಖಾತರಿಗಳು. ಹೊಸ ಶತಮಾನ ಶುರುವಾದಾಗ ದೇಶದ ಬಹುತೇಕ ರಾಜ್ಯಗಳು ಹಳೆ ಬಡ್ಡಿ ಕಟ್ಟಲು ಹೊಸ ಸಾಲ ಮಾಡುತ್ತಿದ್ದವು.

ಸಿ. ರಂಗರಾಜನ್ ಅಧ್ಯಕ್ಷತೆಯ ಹನ್ನೆರಡನೇ ಹಣಕಾಸು ಆಯೋಗ ಮುಂದಿಟ್ಟ ಮದ್ದು ಹೀಗಿತ್ತು. 2004ರ ಮಾರ್ಚ್ 31ರವರೆಗೆ ರಾಜ್ಯಗಳು ಕೇಂದ್ರದಿಂದ ಪಡೆದ ಹಳೆಯ ಸಾಲಗಳಲ್ಲಿ ಬಾಕಿ ಉಳಿದದ್ದನ್ನೆಲ್ಲ ಒಂದು ಗಂಟು ಕಟ್ಟುವುದು. ಆ ಗಂಟಿಗೆ ಶೇ 7.5ರ ಬಡ್ಡಿ, ತೀರಿಸಲು 20 ವರ್ಷ. ದೇಶದಾದ್ಯಂತ ಈ ಗಂಟು ಸುಮಾರು 1.28 ಲಕ್ಷ ಕೋಟಿ ರೂಪಾಯಿ. ಇನ್ನೂ ಒಂದು ಮೆಟ್ಟಿಲು ಇತ್ತು: 2005ರಿಂದ 2010ರವರೆಗೆ ಕಟ್ಟಬೇಕಾದ ಕಂತುಗಳನ್ನು, ರಾಜ್ಯ ತನ್ನ ರಾಜಸ್ವ ಕೊರತೆಯನ್ನು ಎಷ್ಟು ತಗ್ಗಿಸುತ್ತದೋ ಅಷ್ಟರ ಮಟ್ಟಿಗೆ ಮನ್ನಾ ಮಾಡುವುದು.

ಷರತ್ತು ಬಾಗಿಲಲ್ಲೇ ನಿಂತಿತ್ತು. ಮೊದಲು ವಿಧಾನಸಭೆಯಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಪಾಸಾಗಬೇಕು. 2008–09ರೊಳಗೆ ರಾಜಸ್ವ ಕೊರತೆ ಸೊನ್ನೆಗೆ ಇಳಿಯಬೇಕು, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗಳಂಥ ದಿನದ ಖರ್ಚಿಗೆ ಸಾಲ ಮಾಡಬಾರದು. ಒಟ್ಟು ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ 3ರ ಮಿತಿಯಲ್ಲಿರಬೇಕು. ಮಹಾರಾಷ್ಟ್ರದ ರೈತ ಚಳವಳಿಗಳಲ್ಲಿ ಕೇಳಿಬರುವ ಬೇಡಿಕೆ ‘ಸಾತಬಾರಾ ಕೋರಾ’. ಏಳು–ಹನ್ನೆರಡರ ಜಮೀನು ಉತಾರದಲ್ಲಿ ಸಾಲದ ಬೋಜಾ ಒಂದೂ ಇಲ್ಲದೆ ಖಾಲಿಯಾಗಲಿ ಎಂದು. ರಾಜ್ಯಗಳ ಉತಾರ 2005ರಲ್ಲಿ ಕೋರಾ ಆಗಲಿಲ್ಲ. ಬೋಜಾ ಉಳಿಯಿತು, ಬಡ್ಡಿ ಹಗುರಾಯಿತು, ಕಂತಿನ ಒಂದು ಭಾಗ ಅಳಿಸಿತು.

ಮಹಾರಾಷ್ಟ್ರದಲ್ಲಿ ಈ ಕಾಯ್ದೆ 2005ರಲ್ಲಿ ಬಂದಾಗ ಹಣಕಾಸು ಮಂತ್ರಿಯಾಗಿದ್ದವರು ಜಯಂತ ಪಾಟೀಲ. ಸಾಂಗಲಿ ಜಿಲ್ಲೆಯ ಇಸ್ಲಾಮಪುರದವರು. ತಾಕಾರಿಯ ಪಂಪುಮನೆ ಇರುವುದು ಅದೇ ವಾಳವಾ ತಾಲ್ಲೂಕಿನಲ್ಲಿ. 1999ರಿಂದ 2008ರವರೆಗೆ ಬೊಕ್ಕಸದ ಕೀಲಿ ಹಿಡಿದಿದ್ದ ಇವರೇ ಮುಂದೆ 2019ರಿಂದ 2022ರವರೆಗೆ ಜಲಸಂಪನ್ಮೂಲ ಮಂತ್ರಿಯಾದರು. ಖರ್ಚಿಗೆ ಕಡಿವಾಣ ಹಾಕುವ ಕಾಯ್ದೆ ಮತ್ತು ಕಾಲುವೆಗೆ ಹಣ ಕೇಳುವ ಇಲಾಖೆ ಎರಡೂ ಒಬ್ಬರೇ ರಾಜಕಾರಣಿಯ ಕೈಯಲ್ಲಿ ಹಾದುಹೋದವು.

ಗಡಿಯ ಈಚೆ ಕರ್ನಾಟಕ ಈ ಹಾದಿಯಲ್ಲಿ ಮೊದಲೇ ಹೊರಟಿತ್ತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2001ರಲ್ಲಿ, ವಿಶ್ವಬ್ಯಾಂಕ್ ರಾಜ್ಯದ ಆರ್ಥಿಕ ಪುನರ್ರಚನೆಗೆಂದು 15 ಕೋಟಿ ಡಾಲರ್ ಸಾಲ ಕೊಟ್ಟಿತು. ಮರುವರ್ಷ ಇನ್ನೂ 10 ಕೋಟಿ ಡಾಲರ್. ಸೇತುವೆಗೋ ಆಸ್ಪತ್ರೆಗೋ ಕೊಟ್ಟ ಹಣ ಇದಾಗಿರಲಿಲ್ಲ. ತೆರಿಗೆ, ಆಡಳಿತ, ವಿದ್ಯುತ್ ಕ್ಷೇತ್ರದ ಸುಧಾರಣೆಗಳಿಗೆ ಪ್ರತಿಯಾಗಿ ಬಂದ ಹಣ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದೇ ವರ್ಷದ ಜೂನ್‌ನಲ್ಲಿ ವಿದ್ಯುತ್ ವಿತರಣೆ ನಾಲ್ಕು ಕಂಪನಿಗಳಾಗಿ ಒಡೆಯಿತು. ಕಾಗವಾಡ, ಅಥಣಿಯ ಮನೆಗಳಿಗೆ ಇಂದು ಬರುವ ಬಿಲ್ಲಿನ ಮೇಲಿನ ‘ಹೆಸ್ಕಾಂ’ ಎಂಬ ಹೆಸರು ಆ ಸುಧಾರಣೆಯ ಕೂಸು. ಈಗ ಕರ್ನಾಟಕದಲ್ಲಿರುವ ತೇರದಾಳ, ಶಹಾಪುರ, ಶಿರಹಟ್ಟಿಗಳು ಹಿಂದೆ ಸಾಂಗಲಿ ಸಂಸ್ಥಾನದಲ್ಲಿದ್ದವು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. 1948ರವರೆಗೆ ಆಯಾ ಸಂಸ್ಥಾನದ ಒಂದೇ ಖಜಾನೆಗೆ ಕಂದಾಯ ಕಟ್ಟಿದ ಊರುಗಳು ಈಗ ಎರಡು ರಾಜ್ಯಗಳ, ಎರಡು ಕಾಯ್ದೆಗಳ ಲೆಕ್ಕಕ್ಕೆ ಹಂಚಿಹೋಗಿವೆ.

ಮದ್ದು ಹಿಡಿಯಿತೆ? ಅಂಕಿಗಳಲ್ಲಿ ಹಿಡಿಯಿತು. ಕರ್ನಾಟಕ 2004–05ರಲ್ಲೇ ರಾಜಸ್ವ ಖಾತೆಯಲ್ಲಿ ಮಿಗತೆ ತೋರಿಸಿತು, ಮಹಾರಾಷ್ಟ್ರ 2006–07ರಲ್ಲಿ. ಆದರೆ ಆ ವರ್ಷಗಳಲ್ಲಿ ದೇಶದ ವ್ಯಾಪಾರವೇ ಜೋರಾಗಿತ್ತು, 2005ರ ಏಪ್ರಿಲ್‌ನಲ್ಲಿ ಬಂದ ವ್ಯಾಟ್ ತೆರಿಗೆಯೂ ಚೆನ್ನಾಗಿ ವಸೂಲಾಯಿತು. ಷರತ್ತಿನಿಂದ ಎಷ್ಟು, ಒಳ್ಳೆಯ ಕಾಲದಿಂದ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಪಶ್ಚಿಮ ಬಂಗಾಳ ಬಹುಕಾಲ ಕಾಯ್ದೆ ಮಾಡಲು ಒಪ್ಪದೆ 2010ರಲ್ಲಿ ಮಣಿಯಿತು. ಅಷ್ಟರಲ್ಲಿ ಐದು ವರ್ಷಗಳ ಸವಲತ್ತು ದಾಟಿಹೋಗಿತ್ತು. ಷರತ್ತು ಹಾಕಿದ ಕೇಂದ್ರದ ಕತೆಯೂ ಸ್ವಾರಸ್ಯದ್ದೇ. 2008ರ ಜಾಗತಿಕ ಬಿಕ್ಕಟ್ಟು ಬಂದದ್ದೇ ತಡ, ಅದು ತನ್ನ ಇದೇ ಬಗೆಯ ಕಾಯ್ದೆಯ ಗುರಿಗಳನ್ನು ಬದಿಗಿಟ್ಟಿತು. ಹಾಗೆ ಬದಿಗಿಡಲು ಅದು ಯಾರ ಒಪ್ಪಿಗೆಗೂ ಕಾಯಬೇಕಾಗಿರಲಿಲ್ಲ.

ಇದೇ ಕಾಲಕ್ಕೆ ಇನ್ನೊಂದು ಷರತ್ತಿನ ಪರಿಹಾರ ಹಳ್ಳಿಯ ಮಟ್ಟಕ್ಕೆ ಇಳಿಯಿತು. ಸಾಂಗಲಿ ಜಿಲ್ಲೆಯಲ್ಲಿ ‘ಸೊಸೈಟಿ’ ಎಂದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಪೀಕಿನ ಸಾಲ ಸಿಗುವುದು ಅಲ್ಲಿ, ಕಟಬಾಕಿದಾರರ ಪಟ್ಟಿ ತೂಗುವುದೂ ಅಲ್ಲಿ. ದೇಶದ ಇಂಥ ಸಂಘಗಳು ಹಾನಿಯಲ್ಲಿ ಮುಳುಗಿದಾಗ ಅರ್ಥಶಾಸ್ತ್ರಜ್ಞ ಎ. ವೈದ್ಯನಾಥನ್ ಸಮಿತಿ 2005ರಲ್ಲಿ ವರದಿ ಕೊಟ್ಟಿತು. 2006ರಲ್ಲಿ ಕೇಂದ್ರ 13,596 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿತು. ಹಾನಿ ತುಂಬಿಕೊಡುವುದಕ್ಕೆ ಪ್ರತಿಯಾಗಿ ರಾಜ್ಯಗಳು ಸಹಕಾರ ಕಾಯ್ದೆ ತಿದ್ದಬೇಕು, ಸಂಘಗಳ ಚುನಾವಣೆ ವೇಳೆಗೆ ಸರಿಯಾಗಿ ನಡೆಸಬೇಕು, ಲೆಕ್ಕಪತ್ರ ಒಂದೇ ರೀತಿಯಲ್ಲಿ ಇಡಬೇಕು, ಸರ್ಕಾರದ ಷೇರು ಶೇ 25 ಮೀರಬಾರದು. ಮಹಾರಾಷ್ಟ್ರವೂ ಸೇರಿ 25 ರಾಜ್ಯಗಳು ಸಹಿ ಹಾಕಿದವು.

ಸಹಕಾರವೇ ರಾಜಕಾರಣವಾದ ಜಿಲ್ಲೆಯಲ್ಲಿ ಇದು ಚಿಕ್ಕ ಮಾತಲ್ಲ. ಮುಖ್ಯಮಂತ್ರಿಯಾಗಿದ್ದ ವಸಂತದಾದಾ ಪಾಟೀಲರು ಕಟ್ಟಿದ ಸಾಂಗಲಿಯ ಸಹಕಾರಿ ಸಕ್ಕರೆ ಕಾರ್ಖಾನೆ ಒಂದು ಕಾಲಕ್ಕೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿತ್ತು. ಜಿಲ್ಲಾ ಮಧ್ಯವರ್ತಿ ಬ್ಯಾಂಕಿನ ಸಾಲದ ಭಾರದಲ್ಲಿ ಅದು ಕುಸಿದು, 2017ರಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆ ಹೋಯಿತು. ಸದಸ್ಯ ರೈತರು ಷೇರುದಾರರಾಗಿಯೇ ಉಳಿದರು, ಕಾರ್ಖಾನೆ ನಡೆಸುವ ಕೈ ಬದಲಾಯಿತು. ಸಾಲ ಕೊಟ್ಟವರು ಪರಿಹಾರದ ಜೊತೆ ಆಡಳಿತದಲ್ಲೂ ಕೈಹಾಕುತ್ತಾರೆ ಎಂಬುದನ್ನು ಕೊಲಂಬೊದ ಪ್ರಜೆಗಳಂತೆ ಸಾಂಗಲಿಯ ಕಬ್ಬು ಬೆಳೆಗಾರರೂ ನೋಡಿದ್ದಾರೆ.

ಸುಧಾರಣೆಯ ಷರತ್ತಿಲ್ಲದ ಪರಿಹಾರವೂ ಈ ಹೊಲಗಳಿಗೆ ಬಂದಿದೆ. 2008ರಲ್ಲಿ ಕೇಂದ್ರದ ಸಾಲಮನ್ನಾ, 2017ರಲ್ಲಿ ಮಹಾರಾಷ್ಟ್ರದ ಒಂದೂವರೆ ಲಕ್ಷದವರೆಗಿನ ಮನ್ನಾ, 2019ರ ಕೊನೆಯಲ್ಲಿ ಘೋಷಿಸಿದ ಎರಡು ಲಕ್ಷದ ಮನ್ನಾ. ಇಲ್ಲಿ ಕೇಳಿದ್ದು ಅರ್ಹತೆಯ ದಾಖಲೆ ಮಾತ್ರ: ಹೊಲ ಎಷ್ಟು, ಸಾಲ ಎಷ್ಟು, ಬಾಕಿ ಯಾವಾಗಿನದು. 2008ರ ಯೋಜನೆಯಲ್ಲಿ ಅನರ್ಹರಿಗೂ ಹಣ ಹೋಗಿದೆ ಎಂದು ಮಹಾಲೇಖಪಾಲರು 2013ರಲ್ಲಿ ಎತ್ತಿ ತೋರಿಸಿದರು. ನೆಟ್ಟಗೆ ಕಂತು ಕಟ್ಟಿದವರು ಮುನಿಸಿಕೊಂಡಾರು ಎಂದು 2017ರಲ್ಲಿ ಅವರಿಗೂ 25 ಸಾವಿರದವರೆಗೆ ಪ್ರೋತ್ಸಾಹ ಧನ ಇಡಬೇಕಾಯಿತು. ಎಕರೆಗೆ ಲಕ್ಷಗಟ್ಟಲೆ ಹಾಕಿ ದ್ರಾಕ್ಷಿ ಬೆಳೆಯುವ ತಾಸಗಾವದ ತೋಟಗಾರನಿಗೆ ಒಂದೂವರೆ ಲಕ್ಷದ ಮಿತಿ ಸಾಲಲಿಲ್ಲ. ಮೇಲಿನ ಬಾಕಿಯನ್ನು ಒಂದೇ ಗಂಟಿನಲ್ಲಿ ಕಟ್ಟಿದರಷ್ಟೇ ಮನ್ನಾದ ಪಾಲು ಸಿಗುತ್ತಿತ್ತು. ರಾಜ್ಯ ಘೋಷಿಸಿದ ಮನ್ನಾದ ಹಣ ಕೊಡುವುದು ಅದರ ಅದೇ ಬೊಕ್ಕಸವಾದ್ದರಿಂದ ಒಬ್ಬನ ಉತಾರದ ಬೋಜಾ ಇನ್ನೊಂದು ಖಾತೆಗೆ ಹತ್ತುತ್ತದೆ.

ಮತ್ತೆ ಪಂಪುಮನೆಗೆ. ಮ್ಹೈಸಾಳದ ಬಿಲ್ಲು ಕಳಿಸುವ ಮಹಾವಿತರಣ ಕಂಪನಿಯೂ ಸಾಲಗಾರನೇ. ದೇಶದ ವಿದ್ಯುತ್ ವಿತರಣಾ ಕಂಪನಿಗಳ ಸಾಲ ಬೆಟ್ಟದಂತೆ ಬೆಳೆದಾಗ 2015ರಲ್ಲಿ ಕೇಂದ್ರ ‘ಉದಯ್’ ಯೋಜನೆ ತಂದಿತು. ಕಂಪನಿಯ ಸಾಲದಲ್ಲಿ ಮುಕ್ಕಾಲು ಪಾಲನ್ನು ರಾಜ್ಯ ತನ್ನ ತಲೆಗೆ ತೆಗೆದುಕೊಳ್ಳಬೇಕು; ಕಂಪನಿ ಸೋರಿಕೆಯನ್ನು ಶೇ 15ಕ್ಕೆ ಇಳಿಸಬೇಕು, ಕರೆಂಟು ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ಮುಚ್ಚಬೇಕು. ಮಹಾರಾಷ್ಟ್ರ 2016ರ ಅಕ್ಟೋಬರ್‌ನಲ್ಲಿ ಸೇರಿ 4,960 ಕೋಟಿ ರೂಪಾಯಿಯ ಸಾಲ ಹೊತ್ತುಕೊಳ್ಳಲು ಒಪ್ಪಿತು.

ಅಂತರ ಮುಚ್ಚುವುದೆಂದರೆ ಬಳಸಿದವರಿಂದ ಬಿಲ್ಲು ವಸೂಲು ಮಾಡುವುದು. ಏತ ನೀರಾವರಿಯಲ್ಲಿ ಅದು ನಡೆಯುವ ಮಾತಲ್ಲ, ಏಕೆಂದರೆ ಎತ್ತಿದ ನೀರಿನ ಪೂರ್ತಿ ಖರ್ಚು ಕೊಟ್ಟು ಜೋಳವನ್ನೂ ಬೆಳೆಯಲಾಗುವುದಿಲ್ಲ. ಕೊನೆಗೆ ಒಂದು ರಾಜಿ ಸೂತ್ರ ಹುಟ್ಟಿತು: ತಾಕಾರಿ, ಟೆಂಭು, ಮ್ಹೈಸಾಳದಂಥ ಯೋಜನೆಗಳ ಕರೆಂಟು ಬಿಲ್ಲಿನಲ್ಲಿ 100ಕ್ಕೆ 81 ರೂಪಾಯಿ ಸರ್ಕಾರದ್ದು, 19 ರೂಪಾಯಿ ರೈತರದ್ದು. ಕಬ್ಬು ಬೆಳೆದವನ ಪಾಲನ್ನು ಸಕ್ಕರೆ ಕಾರ್ಖಾನೆಯೇ ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳುವ ಪದ್ಧತಿ ಇದೆ. ಕಾರ್ಖಾನೆಗೆ ಕಬ್ಬು ಹಾಕದ ತೊಗರಿ, ಜೋಳದ ಒಕ್ಕಲಿಗನಿಂದ ವಸೂಲು ಮಾಡುವುದು ಕಷ್ಟ. ವಸೂಲಿ ಸುಲಭವಾದಲ್ಲಿಗೆ ನೀರು ಸಲೀಸಾಗಿ ಹರಿಯುತ್ತದೆ. ಆ ಲೆಕ್ಕದಲ್ಲಿ ಕಾಲುವೆಯ ತುದಿಯ ಜತ್ತ ಯಾವಾಗಲೂ ಹಿಂದೆ.

ಈ ಹಿಂದುಳಿದ ಭಾವ 2022ರ ನವೆಂಬರ್‌ನಲ್ಲಿ ಸುದ್ದಿಯಾಯಿತು. ಕರ್ನಾಟಕಕ್ಕೆ ಸೇರುತ್ತೇವೆಂದು ಜತ್ತದ ಗ್ರಾಮ ಪಂಚಾಯಿತಿಗಳು ಹಿಂದೆ ಮಾಡಿದ್ದ ಠರಾವನ್ನು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿ ಮಾತಾಡಿದರು. ಅದು 2012ರ ಹಳೆಯ ಠರಾವು ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ತಿರುಗೇಟು ಕೊಟ್ಟರು. ಗಡಿಯ ವಾದದ ಕೆಳಗೆ ಇದ್ದದ್ದು ನೀರಿನ ಸಿಟ್ಟು. ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಆ ದಿನಗಳಲ್ಲಿ ಜತ್ತದ ಗಡಿಹಳ್ಳಿಗೆ ಹರಿದಾಗ ಜನ ಹೋಗಿ ನೋಡಿಬಂದರು. ಬೆನ್ನಲ್ಲೇ ಮಹಾರಾಷ್ಟ್ರ ಸರ್ಕಾರ ಪೂರ್ವ ಜತ್ತಕ್ಕೆ ವಿಸ್ತಾರಿತ ಮ್ಹೈಸಾಳ ಯೋಜನೆ ಎಂದು ಸುಮಾರು 2,000 ಕೋಟಿ ರೂಪಾಯಿ ಘೋಷಿಸಿತು. ಶೇ 3ರ ಮಿತಿಯ ಕಾಯ್ದೆ ಇದ್ದಲ್ಲಿಯೇ ಇತ್ತು, ಹಣ ಹುಟ್ಟಿತು. 2024ರಲ್ಲಿ ಏಳೂವರೆ ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೂಡ ಬಂತು. ಕರ್ನಾಟಕದಲ್ಲಿ ಹತ್ತು ಎಚ್‌ಪಿವರೆಗೆ ಅದು ಮೊದಲಿನಿಂದ ಇದೆ. ಷರತ್ತುಗಳು ಬರುವುದು ಬಿಕ್ಕಟ್ಟಿನ ವರ್ಷದಲ್ಲಿ, ಸಡಿಲಾಗುವುದು ಚುನಾವಣೆಯ ವರ್ಷದಲ್ಲಿ.

ಈಗ ಬಿಲ್ಲಿನ ಬೇರಿಗೇ ಕೈಹಾಕುವ ಯತ್ನ ನಡೆದಿದೆ. ಮ್ಹೈಸಾಳದ ಪಂಪುಗಳಿಗೆ ಸೂರ್ಯನಿಂದ ಕರೆಂಟು ಕೊಡುವ ಸೌರ ಘಟಕಕ್ಕೆ ಮಹಾರಾಷ್ಟ್ರ ಒಪ್ಪಿಗೆ ಕೊಟ್ಟಿದೆ. ಹಣದ ದೊಡ್ಡ ಪಾಲು ಜರ್ಮನಿಯ ಸರ್ಕಾರಿ ಬ್ಯಾಂಕ್ ಕೆಎಫ್‌ಡಬ್ಲ್ಯುದಿಂದ ಸಾಲವಾಗಿ ಬರಬೇಕು.

ಈ ಬ್ಯಾಂಕಿನ ಹುಟ್ಟೇ ಸಾಲದ ಕತೆ. ಯುದ್ಧದಲ್ಲಿ ನೆಲಕಚ್ಚಿದ ಜರ್ಮನಿಯನ್ನು ಮತ್ತೆ ಕಟ್ಟಲು, ಅಮೆರಿಕದ ಮಾರ್ಷಲ್ ಯೋಜನೆಯ ನೆರವಿನಲ್ಲಿ, 1948ರಲ್ಲಿ ಅದು ಶುರುವಾಯಿತು. ಆರಂಭದ ವರ್ಷಗಳಲ್ಲಿ ಅದರ ಚುಕ್ಕಾಣಿ ಹಿಡಿದವರಲ್ಲಿ ಒಬ್ಬರಾದ ಹರ್ಮನ್ ಯೋಸೆಫ್ ಆಬ್ಸ್, ಲಂಡನ್ನಿನ ಸಾಲದ ಮಾತುಕತೆಯಲ್ಲಿ ಪಶ್ಚಿಮ ಜರ್ಮನಿಯ ನಿಯೋಗದ ಮುಖ್ಯಸ್ಥರಾಗಿದ್ದರು. 1953ರ ಫೆಬ್ರವರಿ 27ರಂದು ಸಹಿಯಾದ ಆ ಒಪ್ಪಂದದಲ್ಲಿ ಜರ್ಮನಿಯ ಹಳೆಯ ಸಾಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಸರಕು ರಫ್ತು ಮಾಡಿ ಗಳಿಸಿದ್ದರಲ್ಲಿ ಜರ್ಮನಿ ಸಾಲ ತೀರಿಸಬೇಕೆಂಬ ತತ್ವ ಅದರಲ್ಲಿತ್ತು. ಹಾಗಾಗಬೇಕಾದರೆ ಆ ಸರಕನ್ನು ಯಾರಾದರೂ ಕೊಳ್ಳಬೇಕಲ್ಲ, ಸಾಲ ಕೊಟ್ಟ ದೇಶಗಳೂ ತಮ್ಮ ಪೇಟೆ ತೆರೆದಿಡಬೇಕಾಯಿತು. ಸಾಲಗಾರನ ಮೇಲಿನ ಷರತ್ತು ಸಾಲಿಗನಿಗೂ ಒಂದಿಷ್ಟು ತಟ್ಟಿದ ಅಪರೂಪದ ಕರಾರು ಅದು.

ಮ್ಹೈಸಾಳದ ಸಾಲ ದಿಲ್ಲಿಯ ಮೂಲಕವೇ ಬರಬೇಕು. ಹೊರದೇಶದ ಸಾಲವನ್ನು ಬಂದ ಕರಾರಿನಲ್ಲೇ ರಾಜ್ಯಗಳಿಗೆ ದಾಟಿಸಬೇಕೆಂದು ಹೇಳಿದ್ದು ರಂಗರಾಜನ್ ಅವರ ಅದೇ ಹನ್ನೆರಡನೇ ಆಯೋಗ. ಯೂರೊದ ಬೆಲೆ ಏರಿದರೆ ಆ ಹೆಚ್ಚಿನ ಹೊರೆ ಮಹಾರಾಷ್ಟ್ರದ್ದು. ಪೂರ್ವ ಜತ್ತದ ಹಳ್ಳಿಗಳು ವಿಸ್ತಾರಿತ ಕಾಲುವೆಯ ನೀರಿಗೆ ಕಾದಿವೆ. ಸೂತ್ರ ಹೀಗೇ ಉಳಿದರೆ, ಆ ನೀರು ಹೊಲಕ್ಕೆ ಮುಟ್ಟಿದ ಹಂಗಾಮಿನಿಂದ ಅಲ್ಲಿಯ ಒಕ್ಕಲಿಗನ ಹೆಸರಿನಲ್ಲೂ 100ಕ್ಕೆ 19 ರೂಪಾಯಿಯ ಲೆಕ್ಕ ತೆರೆಯುತ್ತದೆ.